ಹ್ಯೂಗನ ಸೋದರಳಿಯ

ಧೃತಿ ತನ್ನ ಗೈಡ್ ಪ್ರೊಫೆಸರ್ ಬದರಿನಾಥರ ಮೇಜಿನ ಮೇಲೆ ಒಂದು ಪ್ರಿಂಟ್‌ಔಟ್ ಇಟ್ಟಳು. ಪಕ್ಕದಲ್ಲೇ ಅವಳ ಸ್ಕಾಲರ್‌ಶಿಪ್ ಮುಂದುವರಿಸುವ ಫಾರಂ ಇತ್ತು. ಶುಕ್ರವಾರದೊಳಗೆ ಅವರ ಸಹಿ ಬೀಳದಿದ್ದರೆ ಸಿಂಗಪುರದ ಈ ಯೂನಿವರ್ಸಿಟಿಯಲ್ಲಿ ಅವಳ ಪಿಎಚ್‌ಡಿ ಅಲ್ಲಿಗೇ ನಿಲ್ಲುತ್ತಿತ್ತು.

"ಏನಿದು?"

"ಫ್ರಾನ್ಸಿನ ಆರ್ಕೈವ್‌ನಿಂದ ನಿನ್ನೆ ಸ್ಕ್ಯಾನ್ ಬಂತು, ಸರ್. ಕೌಂಟ್ ಹ್ಯೂಗ್ ಬರೆಸಿದ ದಾನಪತ್ರ. ಇದರಲ್ಲಿ ರೆನೋನನ್ನ ತನ್ನ ಸೋದರಳಿಯ ಅಂದಿದಾನೆ. ಮಗ ಅಂದಿಲ್ಲ."

ಬದರಿನಾಥರು ಕನ್ನಡಕ ತೆಗೆದರು. ಹನ್ನೊಂದನೆಯ ಶತಮಾನದ ಫ್ರೆಂಚ್ ಕೌಂಟ್‌ಗಳ, ಅಂದರೆ ನಮ್ಮ ಪಾಳೆಯಗಾರರಂಥ ಒಡೆಯರ, ವಂಶಾವಳಿಯಲ್ಲಿ ಅವರದು ದೊಡ್ಡ ಹೆಸರು. ಒಂದು ಸಣ್ಣ ಸೀಮೆಯ ಪಟ್ಟ ಐದು ತಲೆಮಾರು ಅಪ್ಪನಿಂದ ಮಗನಿಗೇ ಬಂತು ಎನ್ನುವುದು ಅವರ ಪುಸ್ತಕದ ಜೀವಾಳ. ಅದರ ಪ್ರಕಾರ ಹ್ಯೂಗ್ ಮೂರನೆಯವನು, ಅವನ ಮಗ ರೆನೋ ನಾಲ್ಕನೆಯವನು. ಕಿಟಕಿಯಾಚೆ ಅಡಿಪಾಯದ ಕೆಲಸ ನಡೆಯುತ್ತಿದ್ದ ಹೊಸ ಸಂಶೋಧನಾ ಕೇಂದ್ರಕ್ಕೆ ಅವರೇ ನಿರ್ದೇಶಕರಾಗುವವರಿದ್ದರು.

"ನಕಲು ಮಾಡಿದವನ ತಪ್ಪು. ಡ್ರಾಪ್ ಮಾಡು."

"ಇದು ನಕಲಲ್ಲ ಸರ್. ಮೂಲ ಪ್ರತಿ."

ಅವರು ಫಾರಂ ಎಳೆದುಕೊಂಡು ಪೆನ್ನಿನ ಕ್ಯಾಪ್ ತೆಗೆದರು. ಸಹಿ ಹಾಕಲಿಲ್ಲ. "ಯಾರಿಗೆಲ್ಲ ತೋರಿಸಿದೀಯ?"

"ನನ್ನ ಹಸ್ಬೆಂಡ್‌ಗೆ ಮಾತ್ರ. ಸುಮ್ಮನಿರು ಅಂದ್ರು."

"ಬುದ್ಧಿವಂತ. ಸೆಲೆಟಾರ್ ಏರ್‌ಪೋರ್ಟಲ್ಲಿ ಏರೋಪ್ಲೇನ್ ರಿಪೇರಿ ಮಾಡೋರಲ್ವಾ?"

"ಹೌದು ಸರ್. ಆದ್ರೆ ಇಂಜಿನ್‌ನಲ್ಲಿ ಬಿರುಕು ಕಂಡ್ರೆ ಅವರು ಸುಮ್ಮನಿರಲ್ಲ."

ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳೇ ಬೆಚ್ಚಿದಳು. ಇನ್ನು ಹಿಂದೆ ಹೋಗುವಂತಿರಲಿಲ್ಲ. ಬ್ಯಾಗಿನಿಂದ ಇನ್ನೊಂದು ಹಾಳೆ ತೆಗೆದು ಮೊದಲಿನದರ ಮೇಲಿಟ್ಟಳು. ಆ ದಾನಪತ್ರವನ್ನು ತರಿಸಿಕೊಂಡು ಓದಿದವರು ಆರ್ಕೈವ್‌ನಲ್ಲಿ ಸಹಿ ಮಾಡುವ ಹಾಳೆ ಅದು; ಸ್ಕ್ಯಾನ್ ಜೊತೆಗೇ ಬಂದಿತ್ತು. ಅದರಲ್ಲಿದ್ದದ್ದು ಒಂದೇ ಸಹಿ. ಇಸವಿ ೧೯೮೪. ಬದರಿನಾಥ್.

ಅವರು ಆ ಹಾಳೆ ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಇನ್ನು ಫಾರಂ ಹರಿದೇಬಿಡುತ್ತಾರೆ ಎಂದುಕೊಂಡಳು ಧೃತಿ.

"ಆಗ ನನಗೆ ನಿನ್ನ ವಯಸ್ಸು," ಎಂದರು. "ಐದು ತಲೆಮಾರಿನ ಕಥೆ ಮೊದಲು ಹೇಳಿದ್ದು ನನ್ನ ಗೈಡ್. ಅವರ ಮುಂದೆ ಇದನ್ನ ಎತ್ತೋಕೆ ಧೈರ್ಯ ಬರಲಿಲ್ಲ. ಆಮೇಲೆ ಅದು ನನ್ನದೇ ಆಗೋಯ್ತು."

ಫಾರಂಗೆ ಸಹಿ ಹಾಕಿ ಅವಳತ್ತ ತಳ್ಳಿದರು. "ಕಂಡದ್ದನ್ನ ಬರಿ. ಈ ಎರಡನೇ ಹಾಳೇನೂ ಥೀಸಿಸ್‌ನಲ್ಲಿ ಹಾಕು."

"ಅದು ಬೇಡ ಸರ್. ದಾನಪತ್ರ ಒಂದೇ ಸಾಕು."

"ಹಾಕು ಧೃತಿ." ಅವರ ದನಿಯಲ್ಲಿ ಆಜ್ಞೆಯಿರಲಿಲ್ಲ, ಹೆದರಿಕೆಯಿತ್ತು. "ಇಲ್ಲದಿದ್ರೆ ನನಗಿದು ಗೊತ್ತೇ ಇರಲಿಲ್ಲ ಅಂತ ನಾಳೆ ಹೊತ್ತಿಗೆ ನಾನೇ ನಂಬಿಬಿಡ್ತೀನಿ."