ಮೂರನೆಯ ಬೊಂಬೆ ಯಾರಿಗೆ

ಅಲಮಾರಿಯ ಕೆಳಗಿನ ಖಾನೆ ಖಾಲಿಯಾಗಿತ್ತು. ಸುಮಿಯೆ ಪೊರಕೆಯನ್ನು ಪಕ್ಕಕ್ಕಿಟ್ಟು, ಮಂಡಿಯೂರಿ, ಕತ್ತು ಒಳಗೆ ತೂರಿಸಿ ಇನ್ನೊಮ್ಮೆ ನೋಡಿದಳು. ಮೂವತ್ತು ವರ್ಷ ಡಬ್ಬಿಗಳಿಂದ ಕಿಕ್ಕಿರಿದಿದ್ದ ಜಾಗದಲ್ಲಿ ಈಗ ದೂಳಿನ ನಡುವೆ ಚೌಕದ ಗುರುತುಗಳು ಮಾತ್ರ ಉಳಿದಿದ್ದವು.

ಅವಳ ಗಂಡ ಯೋಶಿಕಾಜುಗೆ ಸೂಪರ್‌ಹೀರೋ ಬೊಂಬೆಗಳ ಹುಚ್ಚು. ಭುಜ, ಮೊಣಕೈ, ಸೊಂಟ, ಮಂಡಿ ಎಲ್ಲವನ್ನೂ ತಿರುಗಿಸಿ ಬೇಕಾದ ಭಂಗಿಯಲ್ಲಿ ನಿಲ್ಲಿಸುವಂಥವು. ಈ ಹುಚ್ಚು ಹತ್ತಿದವರಲ್ಲಿ ಒಂದು ಪದ್ಧತಿ. ಮನಸ್ಸಿಗೆ ಹಿಡಿಸಿದ್ದನ್ನು ಒಂದಲ್ಲ, ಮೂರು ಕೊಳ್ಳಬೇಕು. ಒಂದು ಆಡಿಸಿ ನೋಡಲು, ಇನ್ನೊಂದು ಡಬ್ಬಿ ತೆರೆಯದೆ ಕಾಪಾಡಲು. ಮೂರನೆಯದು ಬೇರೆಯವರಿಗೆ ಕೊಟ್ಟು ಅವರಿಗೂ ಹುಚ್ಚು ಹಿಡಿಸಲು.

ಮದುವೆಯಾದ ಹೊಸದರಲ್ಲಿ ಅವನು ಅಂಥ ಒಂದು ಬೊಂಬೆಯನ್ನು ಅವಳ ಮುಂದೆ ಹಿಡಿದಿದ್ದ. "ಅಯ್ಯೋ, ನಾನೇನು ಚಿಕ್ಕ ಮಗುವಾ?" ಎಂದು ಅವಳು ನಕ್ಕುಬಿಟ್ಟಿದ್ದಳು. ಅವನು ಮತ್ತೆ ಕೇಳಲಿಲ್ಲ. ತೆಗೆದುಕೊಳ್ಳುವವರಿಲ್ಲದೆ ಮೂರನೆಯವೆಲ್ಲ ಕೆಳಗಿನ ಖಾನೆ ಸೇರಿದವು. ಈಗ ಅವು ಅಲ್ಲಿಲ್ಲ ಎಂದರೆ, ಅವನಿಗೆ ಯಾರೋ ಸಿಕ್ಕಿದ್ದಾರೆ.

ಸಂಜೆ ಅವನು ಸ್ನಾನಕ್ಕಿಳಿದಿದ್ದಾಗ ಮೇಜಿನ ಮೇಲಿದ್ದ ಅವನ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ 'ಗುರುಗಳು' ಎಂಬ ಹೆಸರು. ಕೆಳಗೆ ನಾಲ್ಕೇ ಸಾಲು.

"ಭಾನುವಾರ ಹತ್ತಕ್ಕೆ ಬಾ. ಕೈ ಬೀಸಿಕೊಂಡು ಬರಬೇಡ. ನಿನ್ನ ಹೆಂಡತಿಗೆ ಸುಳಿವು ಸಿಕ್ಕಕೂಡದು. ನನ್ನ ಮಾನದ ಪ್ರಶ್ನೆ."

ಮಾನವಂತೆ! ಸುಮಿಯೆ ಫೋನನ್ನು ಇದ್ದಲ್ಲೇ ಇಟ್ಟು, ಮೂಲಂಗಿ ಹೆಚ್ಚಲು ಕೂತಳು. ಅವತ್ತು ಮೂಲಂಗಿ ಚೂರುಚೂರಾಯಿತು.

"ರೀ, ಭಾನುವಾರ ಎಲ್ಲಾದ್ರೂ ಹೋಗಿ ಬರೋಣ್ವಾ?" ಎಂದಳು ಊಟದ ಹೊತ್ತಿಗೆ.

ಯೋಶಿಕಾಜು ಸಾರಿನ ಬಟ್ಟಲಿನಲ್ಲಿ ಮುಖ ಮರೆಸಿಕೊಂಡ. "ಈ ಭಾನುವಾರಾನಾ? ಒಬ್ಬರನ್ನ ನೋಡ್ಬೇಕಿತ್ತಲ್ಲ."

"ಯಾರನ್ನ?"

"ನಿಂಗೆ ಹೇಳಿದ್ರೂ ನಂಬಲ್ಲ ಬಿಡು. ವಯಸ್ಸಾದೋರು ಕಣೇ."

"ನಾನೂ ವಯಸ್ಸಾದೋಳೇ. ನನ್ನನ್ನೂ ಸ್ವಲ್ಪ ನೋಡಿ."

ಅವನು ಕೆಮ್ಮಿ, ಇನ್ನೊಂದಿಷ್ಟು ಅನ್ನ ಬಡಿಸಿಕೊಂಡ.

ಮರುದಿನ ಸುಮಿಯೆ ತಾಯಿಗೆ ಫೋನು ಮಾಡಿದಳು. ಎಂಬತ್ತನಾಲ್ಕರ ತೊಮೆ ಎರಡು ಸ್ಟೇಷನ್ನು ಆಚೆ, ಕ್ಷೌರದಂಗಡಿಯ ಮೇಲಿನ ಮನೆಯಲ್ಲಿದ್ದಳು. ಐವತ್ತು ವರ್ಷ ಕಿಮೋನೊ ಹೊಲಿದವಳು, ಒಂದು ಹೊಲಿಗೆ ಓರೆಯಾದರೆ ಇಡೀ ತೋಳು ಬಿಚ್ಚಿಸುತ್ತಿದ್ದವಳು. ಅಳಿಯನನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹೊಸ ವರ್ಷದ ಊಟಕ್ಕೆ ಬಂದಾಗಲೆಲ್ಲ, "ಏನಪ್ಪಾ, ಬೊಂಬೆಗಳು ಉಂಡವಾ?" ಎಂದು ಹತ್ತು ಜನರ ಮುಂದೆ ಕೆಣಕುತ್ತಿದ್ದಳು. ಹೋದ ವರ್ಷ ಅವಳ ಬಲಗೈ ಬೆರಳು ಮರಗಟ್ಟಿದಾಗ, ದಿನಾ ಏನಾದರೂ ತಿರುವುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಸುಮಿಯೆ ರಬ್ಬರ್ ಚೆಂಡು ಒಯ್ದರೆ, "ನಾನೇನು ಬೆಕ್ಕಿನ ಮರೀನಾ?" ಎಂದು ಅದನ್ನು ಕಿಟಕಿಯಿಂದಾಚೆ ಎಸೆದಿದ್ದಳು. ಆಮೇಲೆ ಬೆರಳುಗಳು ಹೇಗೋ ಸರಿಹೋಗಿದ್ದವು.

ಸುಮಿಯೆ ಎಲ್ಲವನ್ನೂ ತೋಡಿಕೊಂಡಳು. ಅಮ್ಮ ಈಗ ಗಂಡನ ಜನ್ಮ ಜಾಲಾಡುತ್ತಾಳೆ ಎಂದು ಕಾದಳು.

"ಹೋಗ್ಲಿ ಬಿಡೇ," ಎಂದಳು ತೊಮೆ. "ನಿನ್ನ ಗಂಡ ಒಳ್ಳೇವ್ನು."

"ಅಮ್ಮಾ! ನೀನು ಹೇಳ್ತಿರೋದಾ ಇದು?"

"ಮತ್ತೆ ಯಾರು, ಪಕ್ಕದ ಮನೆಯೋಳಾ? ಅವನ ಹಿಂದೆ ಹೋಗ್ಬೇಡ. ಚಳಿ ಇದೆ, ನೆಗಡಿ ಆಗುತ್ತೆ."

ಮೂವತ್ತು ವರ್ಷದಲ್ಲಿ ಅಮ್ಮ ಅಳಿಯನನ್ನು ಹೊಗಳಿದ್ದು ಅದೇ ಮೊದಲು. ತನ್ನ ಸಂಸಾರ ಕೈತಪ್ಪಿತೆಂದು ಅಮ್ಮನಿಗೂ ಗೊತ್ತಾಗಿ, ಕನಿಕರದಿಂದ ಸಮಾಧಾನ ಹೇಳುತ್ತಿದ್ದಾಳೆ ಎಂದುಕೊಂಡ ಸುಮಿಯೆ ಫೋನಿಟ್ಟು ಗಳಗಳನೆ ಅತ್ತಳು. ಅತ್ತಮೇಲೆ ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಬೊಂಬೆ ಹುಚ್ಚನನ್ನು ಯಾರಿಗೂ ಬಿಟ್ಟುಕೊಡಲು ತನಗೆ ಮನಸ್ಸಿಲ್ಲ.

ಭಾನುವಾರ ಯೋಶಿಕಾಜು ತಲೆ ಬಾಚಿಕೊಂಡು, ದೊಡ್ಡ ಚೀಲ ಹೊತ್ತು ಹೊರಟ. ಸುಮಿಯೆ ಟೋಪಿ ಕೆಳಗೆಳೆದುಕೊಂಡು, ಮಾಸ್ಕ್ ಹಾಕಿಕೊಂಡು ಅವನ ರೈಲಿನಲ್ಲಿ ಒಂದು ಬೋಗಿ ಹಿಂದೆ ಹತ್ತಿದಳು. ಇಳಿದು ಅವನು ಅಲ್ಲಿನ ಬಡಾವಣೆಯ ಸಮುದಾಯ ಭವನದ ಮೆಟ್ಟಿಲೇರಿದ. ಮೇಲೆ ಕೆಂಪು ಕೋಟಿನ ಹುಡುಗಿಯೊಬ್ಬಳು ನಗುನಗುತ್ತ ಅವನ ಚೀಲ ಇಸಿದುಕೊಂಡಳು. ಸುಮಿಯೆ ಕಂಬದ ಮರೆಗೆ ಸರಿದಳು.

"ಬೇಗ ಬನ್ನಿ ಸಾರ್, ಗುರುಗಳು ಬಂದು ಅರ್ಧ ಗಂಟೆ ಆಯ್ತು," ಎಂದಳು ಹುಡುಗಿ. ಬಾಗಿಲು ಮುಚ್ಚಿಕೊಂಡಿತು.

ಅಂದರೆ ಇವಳಲ್ಲ. ಸುಮಿಯೆ ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ಪಿಸುಮಾತು. "ಸೊಂಟ ನೂರ ಎಂಬತ್ತು ಡಿಗ್ರಿ ತಿರುಗ್ತಿದೆ... ಎಡಮಂಡಿ ಸಡಿಲ... ಗುರುಗಳು ಒಪ್ತಾರಾ?" ಆಮೇಲೆ ಪರೀಕ್ಷೆಯ ಕೊಠಡಿಯಂಥ ಮೌನ. ಇನ್ನು ತಡೆಯಲಾಗದೆ ಅವಳು ಬಾಗಿಲನ್ನು ದಢಾರನೆ ನೂಕಿದಳು.

ಉದ್ದದ ಮೇಜಿನ ಸುತ್ತ ಇಪ್ಪತ್ತು ಜನ. ಮೇಜಿನ ತುಂಬ ಮುಖವಾಡದ ವೀರರು, ಒದೆಯುತ್ತ, ಹಾರುತ್ತ, ಒಂಟಿ ಕಾಲಲ್ಲಿ ನಿಂತಿದ್ದರು. ಯೋಶಿಕಾಜು ಭಂಗಿಗಳ ಅಂಕದ ಪಟ್ಟಿ ಹಿಡಿದು ಶಾಲೆಯ ಹುಡುಗನ ಹಾಗೆ ನೆಟ್ಟಗೆ ನಿಂತಿದ್ದ. ಹೆಂಡತಿಯನ್ನು ಕಂಡು ಅವನ ಪೆನ್ಸಿಲ್ಲು ನೆಲಕ್ಕೆ ಬಿತ್ತು.

"ಎಲ್ರೀ ಆ ನಿಮ್ಮ ಗುರುಗಳು?" ಎಂದು ಸುಮಿಯೆ ಗುಡುಗಿದಳು. "ನನ್ನ ಗಂಡನ್ನ ನನ್ನಿಂದ ಮುಚ್ಚಿಡೋರ ಮುಖ ನಾನೂ ಒಂದ್ಸಲ ನೋಡ್ಬೇಕು!"

ಜನ ಮೆಲ್ಲಗೆ ಎರಡು ಕಡೆಗೂ ಸರಿದು ದಾರಿ ಬಿಟ್ಟರು.

"ಬಾಗಿಲು ಹಾಕೇ ಸುಮಿಯೆ," ಎಂದಳು ಅಮ್ಮ, ಒಂಟಿ ಕಾಲಿನ ಬೊಂಬೆಯ ಮೇಲೆ ಹಿಡಿದ ಭೂತಗನ್ನಡಿಯಿಂದ ಕಣ್ಣು ತೆಗೆಯದೆ. "ಗಾಳಿಗೆ ಇವನು ಬಿದ್ದುಬಿಟ್ರೆ ಅನ್ಯಾಯವಾಗಿ ಐದು ಅಂಕ ಕಳೀಬೇಕಾಗುತ್ತೆ."