ಅರುಂಧತಿಗೆಂದು ಎತ್ತಿಟ್ಟ ಹನಿ

ಕನ್ನಡಕದಿಂದ ಯಾರ ಕಣ್ಣೂ ಸರಿಹೋಗದ ಕಾಲ ಇದು. ಚಾಚಿದ ಕೈಯಾಚೆ ಎಲ್ಲರಿಗೂ ಬರೀ ಮಸುಕು. ದೂರ ಕಾಣಿಸುವ ಹನಿ ಜೀವಮಾನಕ್ಕೆ ಒಮ್ಮೆ ಕೆಲಸ ಮಾಡುತ್ತದೆ, ಅದೂ ಲೋಟದ ಕಾಫಿ ಆರುವಷ್ಟು ಹೊತ್ತು. ನಮ್ಮ ಮನೆಯ ಹೆಣ್ಣುಮಕ್ಕಳು ಅದನ್ನು ಮದುವೆಯ ದಿನ ಅರುಂಧತಿ ನಕ್ಷತ್ರ ನೋಡಲು ಎತ್ತಿಟ್ಟುಕೊಳ್ಳುತ್ತಾರೆ.

ನನಗೆ ಸಮುದ್ರ ನೋಡುವ ಆಸೆಯಿತ್ತು.

"ಸಮುದ್ರ ಎಲ್ಲಿಗೂ ಓಡಿಹೋಗಲ್ಲ ಕಣೇ," ಎಂದು ಅಮ್ಮ, ತಾಳಿ ಕಟ್ಟಿಸಿಕೊಂಡ ನನ್ನ ಕಣ್ಣಿಗೆ ತಾನೇ ಹನಿ ಬಿಟ್ಟಳು.

ಛತ್ರದ ಅಂಗಳದಲ್ಲಿ ಪುರೋಹಿತರು ಬೆರಳೆತ್ತಿದರು. "ಅಗೋ ಅಲ್ಲಿ, ನೋಡಮ್ಮ."

ಸುಡುವ ಬಿಸಿಲಿತ್ತು. ಆಕಾಶ ಮೊದಲ ಸಲ ಕಂಡಿತು. ಅಷ್ಟೊಂದು ನೀಲಿ, ಆದರೆ ಅದರಲ್ಲಿ ಏನೂ ಇರಲಿಲ್ಲ. ನಾನೇ ಸರಿಯಾಗಿ ನೋಡುತ್ತಿಲ್ಲವೇನೋ ಎಂಬ ಹೆದರಿಕೆಯಲ್ಲಿ ಹುಡುಕುತ್ತಲೇ ಇದ್ದೆ. ಛತ್ರದ ಹಿಂದೆ ಬೆಟ್ಟವಿದೆಯಂತೆ, ಅತ್ತ ತಿರುಗಲೂ ನೆನಪಾಗಲಿಲ್ಲ. ಅಷ್ಟರಲ್ಲಿ ಮತ್ತೆ ಮಸುಕಾಯಿತು.

"ಕಾಣಲಿಲ್ಲಮ್ಮ," ಎಂದು ಪಿಸುಗುಟ್ಟಿದೆ.

ಅಮ್ಮ ನನ್ನ ಕೈ ಹಿಡಿದುಕೊಂಡಳು. "ನಿನಗೂನಾ? ನನ್ನ ಕಣ್ಣೇ ಸರಿಯಿರಲಿಲ್ಲ ಅಂದ್ಕೊಂಡಿದ್ದೆ. ಕಂಡಿತು ಅಂದುಬಿಡೇ, ಎಲ್ಲರೂ ಕಾಯ್ತಿದಾರೆ."

"ಕಂಡಿತು," ಎಂದೆ. ಓಲಗ ಜೋರಾಯಿತು.

ತಂಗಿ ಮಂದಾಕಿನಿ ತಡವರಿಸುತ್ತ ಬಂದು ನನ್ನ ಸೆರಗು ಹಿಡಿದಳು. ಅವಳ ಹನಿ ಇನ್ನೂ ದೇವರ ಗೂಡಿನಲ್ಲಿದೆ.

"ಹೇಗಿತ್ತೇ ಅಕ್ಕಾ?"

ಅಮ್ಮ ನನ್ನ ಕೈ ಬಿಡಲಿಲ್ಲ.

"ಚೆನ್ನಾಗಿತ್ತು ಕಣೇ," ಎಂದೆ.