ಏಳೂವರೆಯ ಮಾತು

ಏಳೂವರೆಗೆ ಧಾರಾವಾಹಿ ಶುರುವಾದಾಗ ನೀಲಾಬಾಯಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಇವತ್ತೂ ಹಳೆಯದೇ! ಹತ್ತು ದಿನದ ಹಿಂದೆ ತುಂಬು ಬಸುರಿಯಾಗಿದ್ದ ಟಿವಿಯ ಸೊಸೆ ಈಗ ಹೋದ ವರ್ಷದ ಸೀರೆ ಉಟ್ಟು ಸಪಾಟು ಹೊಟ್ಟೆಯಲ್ಲಿ ಓಡಾಡುತ್ತಿದ್ದಳು.

ಕಥೆ ನಿಂತಿತೆಂದು ನೀಲಾಬಾಯಿಗೆ ಅಷ್ಟೇನೂ ಬೇಜಾರಿರಲಿಲ್ಲ. ಮಗ್ಗುಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಸೊಸೆ ವಿಜಯಲಕ್ಷ್ಮೀಯ ಜೊತೆ ಮಾತಾಡಲು ಇದ್ದ ಒಂದೇ ದಾರಿ ಮುಚ್ಚಿಹೋಗಿತ್ತಲ್ಲ, ಸಂಕಟ ಅದು. ತಿಕೋಟಾದ ಆ ಮನೆಯಲ್ಲಿ ಅತ್ತೆ ಸೊಸೆ ಎದುರಾಬದುರು ಮಾತು ಬಿಟ್ಟು ಒಂದು ವರ್ಷವಾಗಿತ್ತು. ಹಾಗಂತ ಬಾಯಿಗೆ ಬೀಗ ಹಾಕಿಕೊಂಡಿದ್ದರೇ? ಅದೂ ಇಲ್ಲ. ಹೇಳಬೇಕಾದದ್ದನ್ನೆಲ್ಲ ಟಿವಿಗೆ ಹೇಳುತ್ತಿದ್ದರು. "ಈ ಹುಡಿಗಿ ಹೊಟ್ಟಿತುಂಬ ಉಣ್ಣಂಗಿಲ್ಲ, ಕೂಸು ಹೆಂಗ ಬೆಳೀಬೇಕು?" ಎಂದು ನೀಲಾಬಾಯಿ ಟಿವಿಯನ್ನು ಗದರಿದರೆ ವಿಜಯಲಕ್ಷ್ಮೀ ತಾಟಿಗೆ ಇನ್ನೊಂದು ರೊಟ್ಟಿ ಹಾಕಿಕೊಳ್ಳುತ್ತಿದ್ದಳು. ಬಸುರಿಯಾದ ಸುದ್ದಿ ತಿಳಿದದ್ದೂ ಹಾಗೆಯೇ. "ಆಕಿಗೆ ಹುಣಸಿಕಾಯಿ ತಿನ್ನಬೇಕು ಅನಸಾಕತ್ತೈತಿ" ಎಂದು ಸೊಸೆ ಟಿವಿಯ ಕಡೆ ನೋಡಿ ಅಂದಿದ್ದಳು. ಮರುದಿನ ನೀಲಾಬಾಯಿ ಸೆರಗಿನ ತುಂಬ ಹುಣಸೇಕಾಯಿ ತಂದು ಟಿವಿಯ ಮುಂದೆ ಸುರಿದಿದ್ದಳು.

ನಾಳೆ ಬೆಳಿಗ್ಗೆ ಕಾಖಂಡಕಿಯಿಂದ ವಿಜಯಲಕ್ಷ್ಮೀಯ ಅಣ್ಣ ಸುಭಾಷ ಬಂದು ಅವಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯುವವನಿದ್ದ. ಸೀಮಂತದ ಕುಬಸ ಮುಗಿದಿತ್ತು, ಮುತ್ತೈದೆಯರು ಉಡಿ ತುಂಬಿದ್ದರು. ಮುಖ ನೋಡಿ ಒಂದು ಒಳ್ಳೆಯ ಮಾತಾಡದೆ ಕಳಿಸಿದರೆ ಅದೇನು ಕಳಿಸಿದಂತೆ? ನೀಲಾಬಾಯಿಗೆ ಅದು ಗೊತ್ತಿತ್ತು. ನಾಲಿಗೆ ಮಾತ್ರ ಏಳುತ್ತಿರಲಿಲ್ಲ.

ಅಷ್ಟರಲ್ಲಿ ಮಗ ಮಲ್ಲಿನಾಥ ವಿಜಯಪುರದ ಬಸ್ಸಿಳಿದು ಬಂದ. ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ಅವನ ಕೆಲಸ.

"ಮಲ್ಲೂ, ಇವರೇನೋ ಹಳೇದನ್ನಽ ಹಾಕಾಕತ್ತಾರ?"

"ಕಥಿ ಬರಿಯೂ ಮಂದಿ ಮುಷ್ಕರ ಮಾಡ್ಯಾರಂತ ಯವ್ವಾ. ಟಿವಿಯವ್ರು ಹಗಲೂ ರಾತ್ರಿ ಬರಸಗೋತಾರ, ಹೆಸರು ಸೈತ ಹಾಕಂಗಿಲ್ಲಂತ. ಪೆನ್ನು ಕೆಳಗಿಟ್ಟು ಕೂತಾರ."

"ಬರಿಯೂದೇನು? ಅವರಽ ಮಾತಾಡ್ತಾರಲ್ಲ?"

ಮಲ್ಲಿನಾಥ ನಕ್ಕ. "ಅವರ ಬಾಯಾಗ ಬರೂ ಒಂದೊಂದ ಮಾತೂ ಬ್ಯಾರೇದವರು ಬರದ ಕೊಟ್ಟದ್ದಬೇ. ಬರದ ಕೊಡಾವ್ರು ಇಲ್ಲಂದ್ರ ಅತ್ತೀನೂ ಮೂಕಿ, ಸೊಸೀನೂ ಮೂಕಿ."

"ಅಂದ್ರ ಆ ಅತ್ತಿ ಅಷ್ಟು ಕೆಟ್ಟ ಮಾತಾಡಿದ್ಲಲ್ಲ, ಅವು ಆಕೀವಲ್ಲೇನು?" ಎಂದು ನೀಲಾಬಾಯಿ ಕೇಳುವ ಹೊತ್ತಿಗೆ ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದ.

ಟಿವಿಯಲ್ಲಿ ಆಸ್ಪತ್ರೆ ಬಂತು. ಗರ್ಭ ಇಳಿದ ಸೊಸೆ ಮಂಚದ ಮೇಲೆ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಹೋದ ವರ್ಷ ಇದೇ ಕಥೆ ಇಬ್ಬರೂ ಕೂಡಿ ನೋಡುವಾಗ ವಿಜಯಲಕ್ಷ್ಮೀಗೂ ಮೂರು ತಿಂಗಳ ಗರ್ಭ ಇಳಿದು ಹದಿನೈದು ದಿನ ಆಗಿರಲಿಲ್ಲ. ಆಗ ನೀಲಾಬಾಯಿ, "ಕೆಲವರ ಹೊಟ್ಟ್ಯಾಗ ಕೂಸು ನಿಲ್ಲಂಗಿಲ್ಲ ಬಿಡು, ಏನ್ ಮಾಡಿದ್ರೂ ಅಷ್ಟಽ" ಅಂದುಬಿಟ್ಟಿದ್ದಳು. "ನನಗ ಅಂದ್ರೇನ್ರಿ?" ಎಂದು ಸೊಸೆ ಕೇಳಿದ್ದಕ್ಕೆ "ಟಿವ್ಯಾಗಿನಾಕಿಗೆ ಅಂದೆ" ಎಂದು ಜಾರಿಕೊಂಡಿದ್ದಳು. ಮೊಮ್ಮಗು ಹೋದ ದುಃಖ ಅವಳಿಗೂ ಇತ್ತು, ಸುಳ್ಳಲ್ಲ. ಆದರೆ ಅವತ್ತು ಅವಳ ಬಾಯಿಂದ ಬಿದ್ದದ್ದು ಶುದ್ಧ ವಿಷ.

ವಿಜಯಲಕ್ಷ್ಮೀಗೂ ನೆನಪಾಗಿರಬೇಕು. ಬೆಳ್ಳುಳ್ಳಿಯ ಮೊರ ಎತ್ತಿಕೊಂಡು, ಸೊಂಟಕ್ಕೆ ಕೈಕೊಟ್ಟು ಎದ್ದು ಅಡುಗೆಮನೆಯ ಕಡೆ ಹೊರಟಳು.

ನೀಲಾಬಾಯಿ ರಿಮೋಟು ಒತ್ತಿ ಟಿವಿಯ ದನಿ ಅಡಗಿಸಿದಳು.

"ವಿಜೀ."

ಒಂದು ವರ್ಷದ ಮೇಲೆ ಹೆಸರು ಹಿಡಿದು ಕರೆದದ್ದು. ಸೊಸೆ ಬಾಗಿಲಲ್ಲೇ ನಿಂತಳು.

"ಅವತ್ತು ಅಂದದ್ದು ಟಿವ್ಯಾಗಿನಾಕಿಗೆ ಅಲ್ಲವಾ. ನಿನಗಽ ಅಂದಿದ್ದೆ. ಮಾತೂ ನಂದಽ, ಯಾರೂ ಬರದ ಕೊಟ್ಟಿದ್ದಿಲ್ಲ. ತಪ್ಪಾತು."

ವಿಜಯಲಕ್ಷ್ಮೀ ಮೊರ ಕೆಳಗಿಟ್ಟಳು. ಆಮೇಲೆ ನಿಧಾನಕ್ಕೆ ಬಂದು, ಟಿವಿಗೆ ಬೆನ್ನು ಮಾಡಿ ಅತ್ತೆಯ ಎದುರಿಗೆ ಕೂತಳು.

"ನನಗಽ ಅಂದೀರಂತ ಗೊತ್ತಿತ್ರಿ ಅತ್ತಿ," ಅಂದಳು. "ಒಪ್ಪಿಕೋತೀರೋ ಇಲ್ಲೋ, ಅದು ಗೊತ್ತಿರಲಿಲ್ಲ."